ಹಿಡಿಯಿಲ್ಲದ ಛತ್ರಿ

ಹೊಳೆದಂಡೆಯ ಆ ಆಶ್ರಮಕ್ಕೆ ಬಂದವರಿಗೆ ಗುರು ಮರುಳಯ್ಯನವರು ಮಂತ್ರ ಕೊಡುತ್ತಿರಲಿಲ್ಲ, ಕೆಲಸ ಕೊಡುತ್ತಿದ್ದರು. ಶಿಷ್ಯ ಕೊಟ್ರೇಶನಿಗೆ ಸಿಕ್ಕಿದ್ದು ಹಳೆಯ ಓಲೆಗರಿಗಳ ಫೋಟೊ ತೆಗೆಯುವ ಕೆಲಸ.

ಎರಡೇ ವರ್ಷದಲ್ಲಿ ಅವನು ಕ್ಯಾಮೆರಾವನ್ನು ಅರೆದು ಕುಡಿದಿದ್ದ. ಹಾಗಂತ ಆಶ್ರಮದ ಹಸುಗಳಿಗೂ ಬಾಯಿಪಾಠವಾಗುವಷ್ಟು ಸಲ ಹೇಳಿಕೊಂಡಿದ್ದ.

ಒಂದು ಬೆಳಿಗ್ಗೆ ಗಂಗಣ್ಣ ಎಂಬ ಹಿರಿಯರು ಓಲೆಕಟ್ಟು ತಂದರು. ದನಗಳಿಗೆ ಮದ್ದು ಕೊಡುವ ಮನೆತನ ಅವರದು. ಇಪ್ಪತ್ನಾಲ್ಕು ಗರಿ, ಮುತ್ತಜ್ಜನ ಕೈಬರಹ. ಕಟ್ಟಿದ ದಾರ ಎಂದೋ ಹರಿದು ಗರಿಗಳು ಹಿಂದುಮುಂದಾಗಿದ್ದವು.

"ಜೀರ್ಣವಾದ ಓಲೆ ಮನೇಲಿ ಇಟ್ಕೊಳ್ಳೋದು ನಮ್ಮಲ್ಲಿಲ್ಲ. ನಾಳೆ ಹುಣ್ಣಿಮೆ. ಮಧ್ಯಾಹ್ನ ಪೂಜೆ ಮಾಡಿ ಹೊಳೆಗೆ ಬಿಡ್ತೀನಿ. ಅಲ್ಲೀತನಕ ನಿಮ್ಮ ಹತ್ರ ಇರಲಿ," ಎಂದರು.

ಗುರುಗಳ ಕಣ್ಣಿಗೆ ಪೊರೆ ಬಂದಿತ್ತು. ಅವರು ಶಿಷ್ಯನತ್ತ ತಿರುಗಿದರು.

"ಒಬ್ಬನೇ ತೆಗೀತೀಯಾ ಕೊಟ್ರೇಶ?"

"ತೆಗೀತೀನಿ ಗುರುಗಳೇ. ಒಂದು ಅಕ್ಷರಾನೂ ತಪ್ಪಿಸಿಕೊಂಡು ಹೋಗಲ್ಲ."

ಗುರುಗಳು ಕ್ಯಾಮೆರಾ ಕೊಟ್ಟರು. ಜೊತೆಗೊಂದು ಕರಿ ಛತ್ರಿಯನ್ನೂ ಕೊಟ್ಟರು. ಅದಕ್ಕೆ ಹಿಡಿ ಇರಲಿಲ್ಲ. ಬಟ್ಟೆಯ ಒಂದು ಮಗ್ಗುಲಲ್ಲಿ ದುಂಡನೆಯ ತೂತು, ತೂತಿನ ಸುತ್ತ ಅಚ್ಚುಕಟ್ಟಾದ ಹೊಲಿಗೆ.

"ಮಳೆ ಬರೋ ಹಾಗಿಲ್ಲವಲ್ಲ ಗುರುಗಳೇ."

"ಬಂದರೂ ಇದು ತಡೆಯಲ್ಲ. ಇಟ್ಕೋ."

ವಯಸ್ಸಾಯಿತು ಪಾಪ, ಎಂದುಕೊಂಡು ಕೊಟ್ರೇಶ ಛತ್ರಿಯನ್ನು ಮೂಲೆಗೆ ಒರಗಿಸಿದ.

ಗರಿಯನ್ನು ಮೇಜಿನ ಮೇಲಿಟ್ಟು, ಮೇಲಿಂದ ಕ್ಯಾಮೆರಾ ಬಗ್ಗಿಸಿ, ಜೂಮ್ ಮಾಡಿದ. ಅಕ್ಷರಗಳು ಪರದೆಯ ತುಂಬ ದೊಡ್ಡದಾಗಿ ನಿಂತವು. ಓಲೆ ಬರೆಯುವ ಕಬ್ಬಿಣದ ಕಂಠದಿಂದ ಕೊರೆದ ಗೀರು ಕೂಡ ಕಾಣುತ್ತಿತ್ತು. ಅವನಿಗೆ ಹಿಗ್ಗೋ ಹಿಗ್ಗು. ಊಟದ ಹೊತ್ತಿಗೆ ಹತ್ತು ಗರಿ ಮುಗಿಸಿ ಗುರುಗಳಿಗೆ ತೋರಿಸಿದ.

ಗುರುಗಳು ಪರದೆಯನ್ನು ಮೂಗಿನ ಹತ್ತಿರ ಹಿಡಿದು ಓದಿದರು. "'ಎಮ್ಮೆಗೆ ಹೊಟ್ಟೆಯುಬ್ಬರವಾದರೆ...' ಇಲ್ಲಿಗೆ ಗರಿ ಮುಗೀತು. ಮದ್ದು ಎಲ್ಲಿ?"

"ಮುಂದಿನ ಗರೀಲಿ."

"ಮುಂದಿನದು ಯಾವುದು?"

ಕೊಟ್ರೇಶ ಪರದೆಯತ್ತ ಬಗ್ಗಿದ. ಗರಿಯ ಸಂಖ್ಯೆ ಬರೆಯುವುದು ಎಡದ ಅಂಚಿನಲ್ಲಿ. ಜೂಮ್ ಮಾಡುವಾಗ ಅಂಚೆಲ್ಲ ಚಿತ್ರದಿಂದ ಆಚೆ ಹೋಗಿತ್ತು.

"ಕುರಿಯ ಕಾಲಿನ ಮದ್ದನ್ನ ಎಮ್ಮೆಗೆ ಕುಡಿಸಿದರೆ ಎಮ್ಮೆ ಏನು ಅಂದೀತು?"

"ಮತ್ತೆ ತೆಗೀತೀನಿ ಗುರುಗಳೇ."

ಈ ಸಲ ಜೂಮ್ ಹಿಂದಕ್ಕೆಳೆದ. ಗರಿ ತುದಿಯಿಂದ ತುದಿಗೆ, ಸಂಖ್ಯೆ ಸಮೇತ ಚೌಕಟ್ಟಿನೊಳಗೆ ಬಂತು. ತುದಿಗಳು ಮುರುಟಿ ಮೇಲೇಳುತ್ತಿದ್ದುದರಿಂದ ಮೇಲೊಂದು ಗಾಜು ಹೇರಿದ. ಪರದೆಯಲ್ಲಿ ಹಸಿರು ಚೌಕ ಮೂಡಿತು, ಕ್ಯಾಮೆರಾ ಕಿಚ್ ಎಂದಿತು, ಫೋಕಸ್ ಕೂತಿತು. ಕ್ಯಾಮೆರಾನೇ ಹೂಂ ಅಂದ ಮೇಲೆ ಇನ್ನೇನು? ಕತ್ತಲಾಗುವುದರೊಳಗೆ ಇಪ್ಪತ್ನಾಲ್ಕೂ ಗರಿ ಆಯಿತು.

ಗುರುಗಳು ಕಂಪ್ಯೂಟರಿನಲ್ಲಿ ಒಂದೊಂದೇ ಚಿತ್ರ ನೋಡುತ್ತ ಹೋದರು.

"ಕೊಟ್ರೇಶ, ಇವರು ಯಾರು?"

ಅವನು ಬಗ್ಗಿ ನೋಡಿದ. ಎಲ್ಲ ಚಿತ್ರದಲ್ಲೂ ಅವನದೇ ಮುಖ. ಗಾಜಿನಲ್ಲಿ ಬಿದ್ದ ಬಿಂಬ. ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಅದರ ಹಿಂದೆ ಮುತ್ತಜ್ಜನ ಅಕ್ಷರ ಕಲಸಿಹೋಗಿತ್ತು.

"ಕ್ಯಾಮೆರಾ ಕೈಕೊಡ್ತು ಗುರುಗಳೇ."

"ಅದು ಹೇಳಿದ ಕೆಲಸ ಮಾಡಿದೆ. ಹೇಳಿದವರು ಯಾರು?"

ಕಳೆದ ವಾರ ಆಶ್ರಮದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವಾಗ, ಮುಖ ಎಲ್ಲಿದ್ದರೂ ಹುಡುಕಿ ಫೋಕಸ್ ಮಾಡು ಎಂದು ಅದಕ್ಕೆ ಅಪ್ಪಣೆ ಕೊಟ್ಟವನು ಅವನೇ. ಅದನ್ನು ತೆಗೆಯುವುದು ಮರೆತಿದ್ದ.

ನಾಳೆ ಮಧ್ಯಾಹ್ನ ಓಲೆ ಹೊಳೆಪಾಲು. ಕೊಟ್ರೇಶನಿಗೆ ಅಳು ಬಂತು, ನಾಚಿಕೆಯೂ ಆಯಿತು.

"ಮುಖ ಹುಡುಕೋದನ್ನ ನಿಲ್ಲಿಸಬಹುದು. ಫೋಕಸ್ ಕೈಯಲ್ಲೇ ತಿರುಗಿಸಿ ಕೂರಿಸಬಹುದು. ಆದರೂ ಅಕ್ಷರದ ಮೇಲೆ ನನ್ನ ಮುಖ ಬಿದ್ದೇ ಇರುತ್ತಲ್ಲ. ಅದನ್ನ ಏನು ಮಾಡಲಿ?"

ಗುರುಗಳು ಮೂಲೆಯ ಕಡೆ ನೋಡಿದರು.

ಕೊಟ್ರೇಶ ಎದ್ದುಹೋಗಿ ಛತ್ರಿ ಬಿಚ್ಚಿದ. ಹರಿದ ತೂತಿಗೆ ಯಾರು ಇಷ್ಟು ಚಂದ ಹೊಲಿಗೆ ಹಾಕುತ್ತಾರೆ? ಲೆನ್ಸನ್ನು ತೂತಿಗೆ ತೂರಿಸಿದ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅವನು, ಕ್ಯಾಮೆರಾ, ಮಾಡಿನ ತೊಲೆ ಎಲ್ಲ ಕರಿ ಬಟ್ಟೆಯ ಹಿಂದೆ ಮರೆಯಾದವು. ಗಾಜಿನಲ್ಲಿ ಈಗ ಓಲೆ ಬಿಟ್ಟರೆ ಏನೂ ಕಾಣಲಿಲ್ಲ.

ಬೆಳಕು ಹರಿಯುತ್ತಲೇ ಶುರು ಮಾಡಿದ. ಫೋಕಸಿನ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸುವುದು, ಅಂಚಿನ ಸಂಖ್ಯೆ ಓದುವುದು, ಕೊನೆಯ ಅಕ್ಷರ ಓದುವುದು, ಆಮೇಲೆ ಒತ್ತುವುದು. ಕ್ಯಾಮೆರಾ ಹೂಂ ಅನ್ನಲೆಂದು ಕಾಯಲಿಲ್ಲ. ಎಮ್ಮೆಯ ಮದ್ದು ಹದಿನೇಳನೆಯ ಗರಿಯಲ್ಲಿ ಸಿಕ್ಕಿತು. ಅದರಲ್ಲಿ ಓಮ, ಇಂಗು, ಬೆಲ್ಲ.

ಕೊನೆಯ ಗರಿ ಮುಗಿಯುವ ಹೊತ್ತಿಗೆ ಗಂಗಣ್ಣ ಬಾಗಿಲಲ್ಲಿ ನಿಂತಿದ್ದರು.

ಓಲೆಗಳು ಹೊಳೆಯಲ್ಲಿ ತೇಲಿಹೋದವು. ಕೊಟ್ರೇಶ ತಿರುವು ದಾಟುವವರೆಗೂ ನೋಡಿದ. ಓಲೆ ಹೋದರೂ ಅಕ್ಷರ ಉಳಿದಿತ್ತು.

"ಛತ್ರಿ ಯಾಕೆ ಅಂತ ಮೊದಲೇ ಹೇಳಬಾರದಿತ್ತೇ ಗುರುಗಳೇ?"

"ಹೇಳಿದ್ದರೆ ಕೇಳ್ತಿದ್ದೆಯಾ?"

ಕೊಟ್ರೇಶ ನಕ್ಕುಬಿಟ್ಟ. "ಇಲ್ಲ. ಆ ಮೀಸೆ ಫೋಟೊಗಳನ್ನ ಅಳಿಸಿಬಿಡಲೇ?"

"ಒಂದನ್ನ ಇಟ್ಕೋ," ಎಂದ ಗುರುಗಳು ತಮ್ಮ ಪೆಟ್ಟಿಗೆಯಿಂದ ಒಂದು ಹಳೆಯ ಫೋಟೊ ತೆಗೆದು ಅವನ ಕೈಗಿತ್ತರು.

ಕಲಸಿಹೋದ ಓಲೆಯೊಂದರ ಮೇಲೆ ಯಾರದೋ ಮುಖ. ತಲೆತುಂಬ ಕಪ್ಪು ಕೂದಲು, ಉಬ್ಬಿದ ಹುಬ್ಬು. ಗುರುತು ಹಿಡಿಯಲು ಕೊಟ್ರೇಶನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಆ ಕಟ್ಟು ಎಲ್ಲಿದೆ ಗುರುಗಳೇ?"

"ಹೊಳೆಗೆ ಹೋಯಿತು. ಆಗ ನನ್ನ ಹತ್ತಿರ ಛತ್ರಿ ಇರಲಿಲ್ಲ."

"ಅದರಲ್ಲಿ ಏನು ಬರೆದಿತ್ತು?"

ಮರುಳಯ್ಯನವರು ಹೊಳೆಯ ಕಡೆ ನೋಡಿದರು.

"ಯಾರಿಗೆ ಗೊತ್ತಪ್ಪ? ನನ್ನ ಮುಖ ಮಾತ್ರ ಬಲು ಚೆನ್ನಾಗಿ ಬಂದಿದೆ."