ಮುದ್ದಪ್ಪನಾಯಕನ ಮುರಿಯದ ಕತ್ತಿ

"ನನ್ನ ಕತ್ತಿ ಮುರಿಯಿತೇ? ಎಷ್ಟು ಧೈರ್ಯವೋ ನಿನಗೆ, ಓಬಳಯ್ಯ!"

ಕರಿಗಲ್ಲುದುರ್ಗದ ದೊರೆ ಮುದ್ದಪ್ಪನಾಯಕ ಎದ್ದು ನಿಂತೇಬಿಟ್ಟ. ಅವನ ಸೊಂಟದ ಕತ್ತಿಗೇನೂ ಆಗಿರಲಿಲ್ಲ. ಮುರಿದದ್ದು ಕತೆಯೊಳಗಿನ ಕತ್ತಿ.

ಮಳೆ ಹಿಡಿದು ಬೇಟೆ ನಿಂತಿತ್ತು. ದೊರೆಯ ಬೇಸರ ಕಳೆಯಲೆಂದು ಆಸ್ಥಾನದ ವಿದೂಷಕ ಓಬಳಯ್ಯ ಒಂದು ಆಟ ಕಟ್ಟಿದ್ದ. ಸುತ್ತ ಕೂತವರೆಲ್ಲ ಒಂದೊಂದು ಪಾತ್ರವಾಗಬೇಕು. ಒಬ್ಬ ವೀರ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಓಬಳಯ್ಯ ಕತೆ ಹೇಳುತ್ತಾ ಹೋಗುತ್ತಾನೆ. "ಗವಿಯಿಂದ ಘಟಸರ್ಪ ಹೊರಬಂತು, ಏನು ಮಾಡುತ್ತೀರಿ?" ಎನ್ನುತ್ತಾನೆ. ಮಾಡುವುದನ್ನು ಹೇಳಿ ಕವಡೆ ಎಸೆಯಬೇಕು. ಅಂಗಾತ ಬಿದ್ದರೆ ಗೆಲುವು, ಬೋರಲು ಬಿದ್ದರೆ ಸೋಲು. ಯಾರೂ ಕೂತಲ್ಲಿಂದ ಏಳಬೇಕಾಗಿಲ್ಲ.

ವೀರನ ಪಾತ್ರ ದೊರೆಯದು. ಆ ದಿನ ಅವನ ಕವಡೆಗಳೆಲ್ಲ ಬೋರಲು ಬಿದ್ದಿದ್ದವು.

"ಕವಡೆ ಹೇಳಿದ್ದನ್ನೇ ನಾನು ಹೇಳಿದೆ ಪ್ರಭು," ಎಂದ ಓಬಳಯ್ಯ.

"ಕವಡೆಗೇನು ಗೊತ್ತು!" ಎಂದ ದಳವಾಯಿ ಹಂಪರಸ. "ಪ್ರಭುಗಳ ಕತ್ತಿ ಮುರಿಯುವುದೆಂದರೇನು!"

"ಕೇಳಿದೆಯಾ?" ಎಂದ ದೊರೆ. "ನನಗೆ ಮುರಿಯದ ಕತ್ತಿ ಬೇಕು. ಮಂತ್ರದ ಕತ್ತಿ. ಕಲ್ಲಿಗೆ, ಬೆಂಕಿಗೆ, ಸಿಡಿಲಿಗೆ, ರಾಕ್ಷಸನ ಹಲ್ಲಿಗೆ, ಯಾವುದಕ್ಕೂ ಮುರಿಯಬಾರದು."

"ತುಕ್ಕು?"

"ಅದೂ ಹಿಡಿಯಬಾರದು!"

"ಆಗಲಿ ಪ್ರಭು, ಮಾಡಿದೆ. ಆದರೆ ಎಂಥ ವರಕ್ಕೂ ಒಂದು ಕಿಂಡಿ ಇರಲೇಬೇಕು. ಇಲ್ಲದಿದ್ದರೆ ಕತೆ ಮುಂದಕ್ಕೇ ಹೋಗುವುದಿಲ್ಲ. ಪುರಾಣದ ರಕ್ಕಸರಿಗೂ ಅದು ತಪ್ಪಲಿಲ್ಲ."

ದೊರೆ ಮೀಸೆ ತಿರುವಿ ನಕ್ಕ. "ಹಾಗಾದರೆ ಆ ಕಿಂಡಿಯನ್ನು ನಾನೇ ಇಡುತ್ತೇನೆ. ನನ್ನ ಆಸ್ಥಾನದವರು ಯಾರಾದರೂ ಎದುರಿಗೆ ನಿಂತು 'ಪ್ರಭು, ತಾವು ಮಾಡಿದ್ದು ತಪ್ಪು' ಎಂದರೆ ಮಾತ್ರ ಕತ್ತಿ ಮುರಿಯಲಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಹಂಪರಸನಂತೂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಇಷ್ಟು ಸಣ್ಣ ಕಿಂಡಿಯನ್ನು ಯಾವ ದೇವರೂ ಇಟ್ಟಿರಲಿಕ್ಕಿಲ್ಲ ಎಂದುಕೊಂಡ ಓಬಳಯ್ಯ.

ಅಂದಿನಿಂದ ದೊರೆಯನ್ನು ಹಿಡಿಯುವವರಿಲ್ಲ. ಘಟಸರ್ಪ ಸತ್ತಿತು, ರಾಕ್ಷಸರು ಸತ್ತರು, ಮೋಡದ ಮೇಲಿನ ಕೋಟೆಯೂ ಬಿತ್ತು. ಕೊಲ್ಲಲು ಯಾರೂ ಉಳಿಯದೆ ಹೋದಾಗ ದೊರೆಗೆ ಹೊಸ ಆಸೆ ಹುಟ್ಟಿತು.

"ಆಟದಲ್ಲಿರುವ ಕತ್ತಿ ನನ್ನ ಕೈಯಲ್ಲೇಕಿಲ್ಲ? ಕಮ್ಮಾರ ವೀರಾಚಾರಿಯನ್ನು ಕರೆಸಿ. ಅದೇ ಕತ್ತಿ ಬೇಕು, ಎಳ್ಳಷ್ಟೂ ಬದಲಾಗಬಾರದು. ಮುರಿದರೆ ಅವನ ಬಲಗೈ ಕಡಿಸುತ್ತೇನೆ."

"ಊರಲ್ಲಿ ಬೇರೆ ಕಬ್ಬಿಣ ಉಳಿದರೆ ಮಂತ್ರ ಅದಕ್ಕೂ ಹಂಚಿಹೋಗುತ್ತದೆ ಪ್ರಭು," ಎಂದ ಹಂಪರಸ. "ಎಲ್ಲವನ್ನೂ ಅರಮನೆಗೆ ತರಿಸುವುದು ಒಳ್ಳೆಯದು."

ಆಳುಗಳು ಮನೆಮನೆಗೆ ನುಗ್ಗಿದರು. ನೇಗಿಲ ಗುಳ, ಕುಡುಗೋಲು, ಈಳಿಗೆ, ಬಾವಿಯ ಗಡಗಡೆ, ಎಲ್ಲವೂ ಅರಮನೆಯ ಅಂಗಳದಲ್ಲಿ ರಾಶಿ ಬಿದ್ದವು. ಬಿತ್ತನೆಯ ಕಾಲ. ಹದವಾಗಿ ನೆಂದ ಹೊಲದ ಬದುವಿನಲ್ಲಿ ಎತ್ತುಗಳು ಸುಮ್ಮನೆ ನಿಂತು ಮೆಲುಕು ಹಾಕಿದವು.

ಓಬಳಯ್ಯ ಮನೆಗೆ ಬಂದರೆ ಒಲೆ ತಣ್ಣಗಿತ್ತು. "ರೊಟ್ಟಿ ಹಂಚು ನಿಮ್ಮ ಕತೆಯೊಳಗೆ ಹೋಯಿತು," ಎಂದಳು ಹೆಂಡತಿ ಅಚ್ಚಮ್ಮ. "ಅಲ್ಲೇ ಹೋಗಿ ಉಣ್ಣಿ."

ಮರುದಿನ ವೀರಾಚಾರಿ ಬಾಗಿಲಿಗೆ ಬಂದ. "ಸ್ವಾಮಿ, ಕತ್ತಿ ಆಗಿದೆ. ಆದರೆ ಕಬ್ಬಿಣ ಕಬ್ಬಿಣವೇ. ನಾಳೆ ದೊರೆಗಳು ಅದನ್ನು ಕಲ್ಲಿಗೆ ಹೊಡೆದು ನೋಡ್ತಾರಂತೆ. ನನ್ನ ಕೈ ಹೋದರೆ ಮಕ್ಕಳ ಗತಿಯೇನು?"

ಆಟ ಕಟ್ಟಿದವನು ತಾನೇ. ಓಬಳಯ್ಯ ಅವನ ಹೆಗಲ ಮೇಲೆ ಕೈಯಿಟ್ಟ.

"ನೀನು ಧೈರ್ಯವಾಗಿ ಬಾ, ವೀರಾಚಾರಿ," ಎಂದ. ತನ್ನ ಧೈರ್ಯ ಎಲ್ಲಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಮರುದಿನ ಅರಮನೆಯ ಅಂಗಳಕ್ಕೆ ಅಡುಗೆಮನೆಯ ದೊಡ್ಡ ರುಬ್ಬುವ ಕಲ್ಲನ್ನು ಉರುಳಿಸಿ ತಂದಿದ್ದರು. ದೊರೆ ಕತ್ತಿ ಹಿರಿದ. ಓಬಳಯ್ಯ ಮುಂದೆ ಬಂದು ಕೈ ಮುಗಿದ.

"ಪ್ರಭು, ಇದು ಆಟದ ಕತ್ತಿಯೇ ತಾನೆ?"

"ಅದೇ."

"ತಾವಿಟ್ಟ ಕಿಂಡಿ ಸಮೇತ?"

"ಸಮೇತ! ಅದಕ್ಕೇನೀಗ?"

ಓಬಳಯ್ಯ ತಲೆಯೆತ್ತಿ ಹೇಳಿದ: "ಪ್ರಭು, ತಾವು ಮಾಡಿದ್ದು ತಪ್ಪು. ಬಿತ್ತುವ ಹೊತ್ತಿನಲ್ಲಿ ನೇಗಿಲು ಕಿತ್ತುಕೊಂಡದ್ದು ತಪ್ಪು. ಆಟಕ್ಕಾಗಿ ಒಬ್ಬನ ಕೈ ಕಡಿಯಹೊರಟದ್ದು ಇನ್ನೂ ದೊಡ್ಡ ತಪ್ಪು."

ದೊರೆಯ ಕಣ್ಣು ಕೆಂಡವಾಯಿತು. ಕತ್ತಿ ಓಬಳಯ್ಯನ ತಲೆಯ ಮೇಲೆ ಎದ್ದಿತು.

"ಕಡಿಯಿರಿ ಪ್ರಭು. ಆದರೆ ಯಾವುದರಿಂದ? ನಾನು ಹಾಗೆ ಹೇಳಿದ್ದು ನಿಜವಾದರೆ ಆ ಕತ್ತಿ ಆಗಲೇ ಮುರಿದಿದೆ. ಮುರಿದಿಲ್ಲ ಎನ್ನುವುದಾದರೆ ನಾನು ಏನೂ ಹೇಳಿಯೇ ಇಲ್ಲ. ಏನೂ ಹೇಳದವನಿಗೆ ಶಿಕ್ಷೆ ಯಾಕೆ?"

ಎತ್ತಿದ ಕೈ ಮೇಲೆಯೇ ನಿಂತಿತು. ಸಿಟ್ಟನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ದೊರೆ ರುಬ್ಬುವ ಕಲ್ಲಿಗೇ ಬೀಸಿ ಹೊಡೆದ. ಕತ್ತಿ ಠಣ್ಣೆಂದು ಎರಡು ತುಂಡಾಯಿತು.

ವೀರಾಚಾರಿ ಕಣ್ಮುಚ್ಚಿ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಭಲೇ ವೀರಾಚಾರಿ!" ಎಂದು ಕೂಗಿದ ಓಬಳಯ್ಯ. "ಪ್ರಭುಗಳು ಹೇಳಿದ ಕಿಂಡಿಯಲ್ಲೇ ಮುರಿಯಿತಲ್ಲ! ಎಂಥ ಕರಾರುವಾಕ್ಕಾದ ಕೆಲಸ! ಇವನಿಗೆ ಬಹುಮಾನ ಕೊಡದಿದ್ದರೆ ಹೇಗೆ ಪ್ರಭು?"

ದೊರೆ ಕೈಯಲ್ಲುಳಿದ ಹಿಡಿಯನ್ನೊಮ್ಮೆ ನೋಡಿದ, ಕಬ್ಬಿಣದ ರಾಶಿಯನ್ನೊಮ್ಮೆ ನೋಡಿದ. ಮೊದಲು ಮೀಸೆ ಅದುರಿತು, ಆಮೇಲೆ ಹೊಟ್ಟೆ ಕುಣಿಯಿತು. ನಕ್ಕು ನಕ್ಕು ಸುಸ್ತಾಗಿ ರುಬ್ಬುವ ಕಲ್ಲಿನ ಮೇಲೆಯೇ ಕೂತುಬಿಟ್ಟ. ವೀರಾಚಾರಿಯ ಬಲಗೈಗೆ ಚಿನ್ನದ ಕಡಗ ಬಂತು. ಊರ ಕಬ್ಬಿಣವನ್ನೆಲ್ಲ ಸಂಜೆಯೊಳಗೆ ಮನೆಮನೆಗೆ ಮುಟ್ಟಿಸಬೇಕೆಂದು ಅಪ್ಪಣೆಯಾಯಿತು.

"ಆದರೂ ಓಬಳಯ್ಯ," ಎಂದ ದೊರೆ, ಕಣ್ಣೊರೆಸಿಕೊಳ್ಳುತ್ತಾ, "ಏನು ಮಾಡಿದರೂ ಮುರಿಯದಂಥದ್ದು ನನ್ನ ರಾಜ್ಯದಲ್ಲಿ ಒಂದೂ ಇಲ್ಲವೇನೋ?"

"ಇದೆಯಲ್ಲ ಪ್ರಭು! ನಮ್ಮ ದಳವಾಯಿಗಳ ಸೊಂಟ. ದಿನವಿಡೀ ಬಗ್ಗುತ್ತದೆ, ಇಷ್ಟು ವರ್ಷವಾದರೂ ಒಮ್ಮೆಯೂ ಮುರಿದಿಲ್ಲ."

ದೊರೆ ಹೌದೇ ಎಂಬಂತೆ ಹಂಪರಸನ ಕಡೆ ತಿರುಗಿದ.

"ಎಲ್ಲ ತಮ್ಮ ಕೃಪೆ ಪ್ರಭು," ಎಂದು ಹಂಪರಸ ನೆಲ ಮುಟ್ಟುವಂತೆ ಬಗ್ಗಿದ.