ಕೂಗು ಮಾರಿದ ಮುಸುವಗಳು

ನಡುವೆ ಹಳ್ಳ ಹರಿದು ಎರಡು ಪಾಲಾಗಿದ್ದ ಒಂದು ಕಾಡಿನಲ್ಲಿ, ಈಚೆ ದಡದ ಮತ್ತಿಮರಗಳ ಮೇಲೆ ಮುಸುವಗಳ ಹಿಂಡೊಂದು ವಾಸವಾಗಿತ್ತು. ಕಪ್ಪು ಮೂತಿ, ಉದ್ದ ಬಾಲ, ಜೊತೆಗೆ ತಮ್ಮಷ್ಟು ಸಭ್ಯರು ಕಾಡಿನಲ್ಲೇ ಯಾರೂ ಇಲ್ಲ ಎಂಬ ಗಟ್ಟಿ ನಂಬಿಕೆ. ಆಚೆ ದಡದಲ್ಲಿ ಚಿರತೆರಾಯನ ಆಳ್ವಿಕೆ. ಅಲ್ಲಿ ಯಾರು ಎಷ್ಟು ದಿನ ಬದುಕಬೇಕು ಎಂಬುದನ್ನು ಅವನು ಬೆಳಿಗ್ಗೆ ಎದ್ದು ಮೈ ಮುರಿಯುವಾಗ ತೀರ್ಮಾನಿಸುತ್ತಿದ್ದ. ಅವನ ಪ್ರಜೆಗಳೆಂದರೆ ಜಿಂಕೆಗಳು.

ಮುಸುವಗಳಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಮರದ ತುದಿಯಲ್ಲಿ ಯಾರಾದರೊಬ್ಬರು ಕಾವಲು ಕೂರುವುದು. ಚಿರತೆ ಎಲ್ಲೇ ಹೊಂಚು ಹಾಕಿದ್ದು ಕಂಡರೂ "ಖ್ಯಾಕ್! ಖ್ಯಾಕ್!" ಎಂದು ಕೂಗುವುದು. ಆ ಕೂಗು ಕೇಳಿದ ಕೂಡಲೇ ಜಿಂಕೆಗಳು ಓಡಿ ಜೀವ ಉಳಿಸಿಕೊಳ್ಳುತ್ತಿದ್ದವು. ಇದಕ್ಕೆ ಯಾರೂ ಕೂಲಿ ಕೇಳುತ್ತಿರಲಿಲ್ಲ. ಅಜ್ಜಂದಿರು ಕೂಗಿದ್ದರು, ಅಪ್ಪಂದಿರು ಕೂಗಿದ್ದರು, ಇವರೂ ಕೂಗುತ್ತಿದ್ದರು.

ಇದರಿಂದ ಚಿರತೆರಾಯನ ಊಟಕ್ಕೆ ಕಲ್ಲು ಬೀಳುತ್ತಿತ್ತು. ಅವನು ತನ್ನ ಮಂತ್ರಿ ನರಿಯಪ್ಪನನ್ನು ಮುಸುವಗಳ ಯಜಮಾನ ಬೆಟ್ಟಯ್ಯನ ಬಳಿಗೆ ಕಳಿಸಿದ.

"ಯಜಮಾನರೇ, ಆ ಕಹಿ ಎಲೆ ತಿಂದು ತಿಂದು ಎಷ್ಟು ಸೊರಗಿಬಿಟ್ಟಿದ್ದೀರಿ!" ಎಂದ ನರಿಯಪ್ಪ. "ನಮ್ಮ ಪ್ರಭುಗಳಿಗೆ ಕಣ್ಣಲ್ಲಿ ನೋಡೋಕಾಗ್ತಿಲ್ಲ. ನಾಳೆಯಿಂದ ನಮ್ಮ ದಡದ ಅತ್ತಿಮರಕ್ಕೆ ಬನ್ನಿ. ಹೊಟ್ಟೆ ತುಂಬ ಹಣ್ಣು ತಿನ್ನಿ."

"ಬದಲಿಗೆ ನಾವೇನು ಕೊಡಬೇಕು?"

"ಅಯ್ಯೋ, ಏನೂ ಕೊಡಬೇಡಿ. ಏನೂ ಮಾಡದಿದ್ದರೆ ಸಾಕು. ಆ ಕೂಗಾಟ ಒಂದು ನಿಲ್ಲಿಸಿಬಿಡಿ. ಪ್ರಭುಗಳಿಗೆ ತಲೆನೋವು ಬರುತ್ತೆ."

ಹಿಂಡಿನ ಹಿರಿಯಳು ದೊಡ್ಡವ್ವ. ಅವಳು ಕೊಂಬೆಯಿಂದ ಇಣುಕಿ ಕೇಳಿದಳು. "ಅಲ್ಲ ಬೆಟ್ಟಯ್ಯ, ನಾವು ಕೂಗದಿದ್ದರೆ ಜಿಂಕೆಗಳ ಗತಿ ಏನೋ?"

"ಅದು ಅವರ ರಾಜ್ಯದ ವಿಚಾರ ಅತ್ತೆ. ನಾವು ಮೂಗು ತೂರಿಸೋದು ಮರ್ಯಾದೆ ಅಲ್ಲ. ಇದು ಬರೀ ವ್ಯಾಪಾರ. ಇನ್ನೊಂದು ಮಾತು ಹೇಳ್ತೀನಿ ಕೇಳು. ನಾವು ದಿನಾ ಹೋಗಿ ಬಂದು ಮಾಡ್ತಾ ಇದ್ದರೆ, ನಮ್ಮ ಒಳ್ಳೆ ನಡತೆ ನೋಡಿ ನೋಡಿ ಚಿರತೆರಾಯನೂ ಒಳ್ಳೆಯವನಾಗ್ತಾನೆ. ಯಾರಿಗೆ ಗೊತ್ತು, ಹುಲ್ಲು ಮೇಯೋದನ್ನೂ ಕಲೀಬಹುದು!"

ಎಲ್ಲರೂ ತಲೆದೂಗಿದರು. ಹೊಟ್ಟೆ ಹಸಿದಿರುವಾಗ ಇಂಥ ಮಾತು ಬಹಳ ಬೇಗ ಅರ್ಥವಾಗುತ್ತದೆ.

ಹಣ್ಣು ನಿಜಕ್ಕೂ ರುಚಿಯಾಗಿತ್ತು. ಸುಳ್ಳು ಹೇಳಬಾರದು. ತಿಂಗಳೊಳಗೆ ಮುಸುವಗಳ ಮೈ ಮಿರಮಿರ ಮಿಂಚತೊಡಗಿತು. ಮರಿಗಳೇನಾದರೂ ಚಿರತೆಯನ್ನು ಕಂಡು "ಖ್ಯಾ..." ಎಂದು ಬಾಯಿ ತೆರೆದರೆ ತಾಯಂದಿರು ಬೆನ್ನಿಗೆ ಒಂದು ಬಿಗಿಯುತ್ತಿದ್ದರು. "ಶ್! ಕೂಗಿದರೆ ಹಣ್ಣು ನಿಂತುಹೋಗುತ್ತೆ." ಇದಕ್ಕೆ ಬೆಟ್ಟಯ್ಯ ಸಂಯಮ ಎಂದು ಹೆಸರಿಟ್ಟ. ಜಿಂಕೆಯೊಂದು ಸತ್ತಾಗಲೆಲ್ಲ ಅವನು ಊಟ ಮುಗಿಸಿ, ಬಾಯಿ ಒರೆಸಿಕೊಂಡು, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ತೀವ್ರ ಕಳವಳ ವ್ಯಕ್ತಪಡಿಸುತ್ತಿದ್ದ. ಚಿರತೆರಾಯ ಹುಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ದಿನ ಪುಟ್ಟತಾಯಿ ಎಂಬ ಜಿಂಕೆ ಅತ್ತಿಮರದ ಕೆಳಗೆ ಬಂದು ನಿಂತಳು. ಪಕ್ಕದಲ್ಲಿ ಅವಳ ಎಳೆಯ ಮರಿ.

"ಬೆಟ್ಟಣ್ಣಾ, ನನ್ನ ಕೂಸಿಗೆ ಇನ್ನೂ ಕಾಲು ಬಲಿತಿಲ್ಲ. ಅದು ಓಡಬೇಕಾದರೆ ಒಂಚೂರು ಮುಂಚೆ ಗೊತ್ತಾಗಬೇಕು. ಮೊದಲಿನ ಹಾಗೆ ಒಂದು ಸಲ ಕೂಗಿಬಿಡು. ನಿನ್ನ ಕಾಲಿಗೆ ಬೀಳ್ತೀನಿ."

"ತಾಯೀ, ನಿನ್ನ ಕಷ್ಟ ನಮ್ಮ ಗಮನದಲ್ಲಿದೆ."

"ಗಮನದಲ್ಲಿ ಇಟ್ಕೊಂಡು ಏನು ಮಾಡ್ತೀಯಣ್ಣಾ?"

"ಸೂಕ್ತ ಸಮಯ ನೋಡಿ ಪ್ರಭುಗಳ ಹತ್ತಿರ ಪ್ರಸ್ತಾಪ ಮಾಡ್ತೀನಿ," ಎಂದು ಬೆಟ್ಟಯ್ಯ ಇನ್ನೊಂದು ಹಣ್ಣಿಗೆ ಕೈ ಹಾಕಿದ.

ಸೂಕ್ತ ಸಮಯ ಮೂರನೆಯ ದಿನವೇ ಬಂತು. ಮರಿ ಅತ್ತಿಮರದ ಕೆಳಗೆ, ಮುಸುವಗಳು ಅರ್ಧ ತಿಂದು ಬಿಸಾಡಿದ ಹಣ್ಣನ್ನು ಮೂಸುತ್ತಿತ್ತು. ಪುಟ್ಟತಾಯಿ ಸ್ವಲ್ಪ ದೂರದಲ್ಲಿ ಮೇಯುತ್ತಿದ್ದಳು. ಚಿರತೆರಾಯ ಹುಲ್ಲಿನೊಳಗೆ ಹೊಟ್ಟೆ ಎಳೆದುಕೊಂಡು ಹತ್ತಿರ ಹತ್ತಿರ ಬರುತ್ತಿದ್ದುದು ಮೇಲಿದ್ದವರಿಗೆಲ್ಲ ಚೆನ್ನಾಗಿ ಕಾಣುತ್ತಿತ್ತು. ಒಂದು ಕೂಗಿಗೆ ಸಮಯವಿತ್ತು. ಹತ್ತು ಕೂಗಿಗೂ ಇತ್ತು. ದೊಡ್ಡವ್ವ ಒಬ್ಬಳೇ ಬಾಯಿ ತೆರೆದಳು. ಗಟ್ಟಿಮುಟ್ಟಾದ ಎರಡು ಮುಸುವಗಳು ಆ ಮುದುಕಿಯ ಬಾಯನ್ನು ಅಮುಕಿ ಹಿಡಿದವು. ಮರಿ ಓಡಲಿಲ್ಲ. ಓಡಬೇಕೆಂದು ಅದಕ್ಕೆ ಯಾರೂ ಹೇಳಲೇ ಇಲ್ಲ. ಈ ಕತೆ ಹೇಳುವಾಗ ಇಲ್ಲಿಗೆ ಬಂದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಪುಟ್ಟತಾಯಿ ಮರದ ಕಡೆ ತಲೆಯೆತ್ತಿ ಒಮ್ಮೆ ನೋಡಿದಳು. ಅಂದೇ ಸಂಜೆ ಉಳಿದ ಜಿಂಕೆಗಳನ್ನೆಲ್ಲ ಕರೆದುಕೊಂಡು ಗುಡ್ಡ ದಾಟಿ ಹೋಗಿಬಿಟ್ಟಳು. ದೊಡ್ಡವ್ವ ಕೊಂಬೆಯಿಂದ ಕೊಂಬೆಗೆ ಕುಂಟುತ್ತಾ ಅವರ ಹಿಂದೆಯೇ ಹೊರಟಳು. ಯಾರೂ ಅವಳನ್ನು ತಡೆಯಲಿಲ್ಲ. ಹಣ್ಣು ತಿನ್ನುವ ಒಂದು ಬಾಯಿ ಕಡಿಮೆಯಾಯಿತಲ್ಲ ಎಂದು ಕೆಲವರಿಗೆ ಸಮಾಧಾನವೂ ಆಯಿತು.

ಜಿಂಕೆಗಳಿಲ್ಲದ ಕಾಡಿನಲ್ಲಿ ಚಿರತೆರಾಯ ಒಂದು ದಿನ ಉಪವಾಸ ಮಾಡಿದ. ಎರಡನೆಯ ದಿನವೂ ಮಾಡಿದ. ಮೂರನೆಯ ದಿನ ಮಧ್ಯಾಹ್ನ ಅತ್ತಿಮರದ ಬುಡದಲ್ಲಿ ಕುಳಿತು ಮೇಲೆ ನೋಡಿದ. ಅಲ್ಲಿ ಅವನದೇ ಹಣ್ಣು ತಿಂದು ಅವನ ಕಣ್ಣೆದುರಿಗೇ ಕೊಬ್ಬಿದ ಮುಸುವಗಳು ಸಾಲಾಗಿ ಕುಳಿತಿದ್ದವು. ನೋಡಿ ನೋಡಿ, ಮರ ಹತ್ತತೊಡಗಿದ.

ಬೆಟ್ಟಯ್ಯ ತುದಿಯ ಸಣ್ಣ ಕೊಂಬೆಗೆ ಜಿಗಿಯಲು ನೋಡಿದ. ಅವನ ಈಗಿನ ಭಾರಕ್ಕೆ ಆ ಕೊಂಬೆ ಲಟಕ್ಕೆಂದಿತು. ಹೆದರಿ ಹಿಂದೆ ಸರಿದ.

"ಪ್ರಭೂ! ನಮ್ಮ ನಿಮ್ಮ ನಡುವೆ ಒಪ್ಪಂದ ಇದೆ!"

"ಇದೆಯಲ್ಲ," ಎಂದ ಚಿರತೆರಾಯ, ಇನ್ನೊಂದು ಹೆಜ್ಜೆ ಮೇಲೆ ಬಂದು. "ನೀವು ಕೂಗಬಾರದು ಅಂತ ಇದೆ. ನಾನು ತಿನ್ನಬಾರದು ಅಂತ ಎಲ್ಲಿದೆ?"

ಬೆಟ್ಟಯ್ಯ ಜೀವಮಾನದ ಶಕ್ತಿಯನ್ನೆಲ್ಲ ಒಟ್ಟು ಮಾಡಿ "ಖ್ಯಾಕ್!" ಎಂದು ಅರಚಿದ. ಕೂಡಲೇ ಪಕ್ಕದಲ್ಲಿದ್ದ ಅವನ ಸೊಸೆ ಅವನ ಬಾಯಿಗೆ ಕೈ ಅಡ್ಡ ಇಟ್ಟಳು. "ಶ್! ಸುಮ್ಮನಿರಿ ಮಾವ. ನಾಳೆಯಿಂದ ಹಣ್ಣು ನಿಲ್ಲಿಸಿಬಿಡ್ತಾರೆ."

ಚಿರತೆರಾಯ ಬೆಟ್ಟಯ್ಯನ ಕತ್ತು ಕಚ್ಚಿ ಹಿಡಿದು, ಅವಸರವೇನೂ ಇಲ್ಲದೆ ಮರ ಇಳಿದು ಹೋದ. ಸ್ವಲ್ಪ ಹೊತ್ತಿನ ಮೇಲೆ, ಯಾರೋ ಒಂದು ಹಣ್ಣು ಕಿತ್ತ ಸದ್ದು ಕೇಳಿಸಿತು.

ನೀತಿ: ಲಾಭದ ಆಸೆಗೆ ದಬ್ಬಾಳಿಕೆಗಾರನ ಜೊತೆ ವ್ಯಾಪಾರಕ್ಕಿಳಿದು ಅವನ ಅನ್ಯಾಯಕ್ಕೆ ಬಾಯಿ ಮುಚ್ಚಿಕೊಂಡವರು ಮೊದಲು ಮಾನ ಕಳೆದುಕೊಳ್ಳುತ್ತಾರೆ, ಆಮೇಲೆ ಪ್ರಾಣವನ್ನೂ ಕಳೆದುಕೊಳ್ಳುತ್ತಾರೆ.