ದಾಳಿಂಬೆ ಗಿಡಗಳ ಉಪವಾಸ

ಕರಿಗುಂಡಗಿಯ ಗುಡ್ಡದ ಮೇಲೆ ಪೂಜ್ಯ ನೀಲಾಂಬಿಕಾ ತಾಯಿಯವರು ಹದಿನೆಂಟು ವರ್ಷ ಒಂದೇ ಒಂದು ಹೆಂಚಿನ ಕೋಣೆಯಲ್ಲಿ ವಾಸವಾಗಿದ್ದರು. ಮಠವೆಂದರೆ ಅಷ್ಟೇ. ಹಳೆಯ ಸೀರೆ, ಧೋತರದ ಚೂರುಗಳನ್ನು ಕೂಡಿಸಿ ಕೌದಿ ಹೊಲಿಯುವುದು ತಾಯಿಯವರ ಕಾಯಕ. ಹೊಲಿದದ್ದೆಲ್ಲ ಚಳಿಯಲ್ಲಿ ನಡುಗುವವರ ಪಾಲು. ಅದಕ್ಕೇ ಸುತ್ತಿನ ಹಳ್ಳಿಗಳಲ್ಲಿ ಅವರಿಗೆ ಕೌದಿ ಅವ್ವ ಎಂದೇ ಹೆಸರು. ಬಂದವರ ಗೋಳನ್ನು ಸೂಜಿಗೆ ದಾರ ಪೋಣಿಸುತ್ತ ಕೇಳುವರು. ತಾವು ಆಡುವ ಮಾತು ಮಾತ್ರ ಬೆರಳೆಣಿಕೆಯಷ್ಟು.

ಈ ಪ್ರಸಂಗವನ್ನು ನನಗೆ ಹೇಳಿದವರು ಶಂಕ್ರೆಪ್ಪಜ್ಜ. ಕಣ್ಣಾರೆ ಕಂಡವರೂ ಅವರೇ, ಇದರಲ್ಲಿ ಪೇಚಿಗೆ ಸಿಕ್ಕವರೂ ಅವರೇ. ಎಂಬತ್ತರ ವಯಸ್ಸಿನಲ್ಲಿ ತಮ್ಮ ಪೇಚನ್ನು ತಾವೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರೆಂದರೆ, ಅವ್ವನವರ ಸಂಗ ಎಂಥದ್ದಿರಬೇಕು ನೋಡಿ!

ಹರೆಯದ ಶಂಕ್ರೆಪ್ಪ ಹೀಗಿರಲಿಲ್ಲ. ಹರಕು ಬಾಯಿ, ಮೂಗಿನ ತುದಿಗೇ ಸಿಟ್ಟು, ದೇವರು ದಿಂಡರು ಅಂದರೆ ಅಷ್ಟಕ್ಕಷ್ಟೆ. ಆತನ ಜೀವವೆಲ್ಲ ಅರವತ್ತು ದಾಳಿಂಬೆ ಗಿಡಗಳ ಮೇಲಿತ್ತು. ಎರೆ ಹೊಲದ ಒಂದು ಪಾಲಿನಲ್ಲಿ ಜೋಳ ಬಿಟ್ಟು ಗಿಡ ಹಚ್ಚುತ್ತೇನೆಂದು ಅಣ್ಣ ಮಲಕಪ್ಪನ ಕೈಕಾಲು ಹಿಡಿದು ಒಪ್ಪಿಸಿದ್ದ. ಐದು ವರ್ಷವಾಯಿತು. ಗಿಡಗಳೇನೋ ಆಳೆತ್ತರ ಬೆಳೆದು ಸೊಂಪಾಗಿ ನಿಂತವು. ಹಣ್ಣು ಮಾತ್ರ ಅಲ್ಲೊಂದು ಇಲ್ಲೊಂದು, ಅದೂ ಗೋಲಿಯಷ್ಟು. ಶಂಕ್ರೆಪ್ಪ ಇನ್ನಷ್ಟು ನೀರುಣಿಸಿದ. ಎತ್ತು ಕಟ್ಟಿ ಮುಂಜಾನೆ ಒಂದು ಸಲ, ಸಂಜೆ ಒಂದು ಸಲ ಕಪಿಲೆ ಹೊಡೆದು ಬಾವಿಯ ನೀರನ್ನು ಪಾತಿಗೆ ಹರಿಸಿದ. ಎಲೆ ಇನ್ನಷ್ಟು ಬಂತು. ಕೊನೆಗೆ ಅಣ್ಣ ಕಡ್ಡಿ ಮುರಿದಂತೆ ಹೇಳಿಬಿಟ್ಟ: "ಯುಗಾದಿಗೆ ಕಾಯಿ ಕಾಣಲಿಲ್ಲಂದ್ರ ಕೊಡ್ಲಿ ತರತೀನಿ, ತಮ್ಮಾ."

ದೀಪಾವಳಿ ಮುಗಿದ ವಾರದಲ್ಲಿ ಹೆಂಡತಿ ಬಾಳವ್ವ ಆತನನ್ನು ಎಳೆದುಕೊಂಡೇ ಗುಡ್ಡ ಹತ್ತಿದಳು. ಹಣ್ಣು ಬಿಡದ ಗಿಡಗಳ ಗೋಳು ಕೇಳಿಯೂ ಅವ್ವನವರು ಕೌದಿಯಿಂದ ತಲೆ ಎತ್ತಲಿಲ್ಲ.

"ನೀರು ಎಷ್ಟು ಹಾಕತೀಯಪ್ಪ?"

"ಎರಡು ಹೊತ್ತೂ, ಯವ್ವಾ. ನಾ ಉಣ್ಣೂದು ಬಿಟ್ಟೇನು, ಅವಕ್ಕ ನೀರು ಬಿಟ್ಟಿಲ್ಲ."

"ನಲವತ್ತು ದಿನ ಒಂದು ಹನಿನೂ ಹಾಕಬ್ಯಾಡ. ಕಪಿಲೆ ಹಗ್ಗ ತಂದು ಇಲ್ಲಿ ಇಡು."

ಶಂಕ್ರೆಪ್ಪನಿಗೆ ಎಲ್ಲಿತ್ತೋ ಸಿಟ್ಟು! "ನೀರು ಹಾಕಿದ್ರನ ಹಣ್ಣಿಲ್ಲ, ಒಣಗಿಸಿದ್ರ ಬರತಾವೇನು? ಕೌದಿ ಹೊಲಿಯೋರಿಗೆ ತೋಟದ ಮಾತು ಯಾಕ ಬೇಕು?" ಅಂದುಬಿಟ್ಟ. ಬಾಳವ್ವ ಹೌಹಾರಿದಳು.

ತಾಯಿಯವರು ದಾರವನ್ನು ಹಲ್ಲಿನಿಂದ ಕಡಿದು ನಕ್ಕರು. "ಹೊಟ್ಟಿ ತುಂಬಿದವಗ ನಾಳಿನ ಚಿಂತಿ ಇರೂದಿಲ್ಲೋ ಮಗನ. ಗಿಡಕ್ಕೂ ಹಂಗ" ಎಂದರು.

ಬೇರೆ ದಾರಿಯಾದರೂ ಏನಿತ್ತು? ಗೊಣಗುತ್ತಲೇ ಶಂಕ್ರೆಪ್ಪ ಮರುದಿನ ಹಗ್ಗ ತಂದು ಒಪ್ಪಿಸಿದ.

ಹತ್ತು ದಿನಕ್ಕೆ ಎಲೆಗಳ ಹೊಳಪು ಹೋಯಿತು. ಹದಿನೈದಕ್ಕೆ ಹಳದಿಯಾದವು. ಇಪ್ಪತ್ತು ದಾಟಿದ್ದೇ ತಡ, ಉದುರತೊಡಗಿದವು. ಕಪ್ಪು ನೆಲ ಬಿರುಕು ಬಿಟ್ಟಿತು. ಬಾವಿಯ ಬದಿಯ ಸಾಲಿನ ಐದು ಗಿಡಗಳು ಆತ ಮೊದಲು ನೆಟ್ಟವು. ಶಂಕ್ರೆಪ್ಪ ಅವುಗಳ ಸಂಕಟ ನೋಡಲಾರದೆ ಹೋದ. ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ, ಬಾಳವ್ವ ಮನೆಗೆಂದು ಸೇದಿಟ್ಟ ನೀರನ್ನೇ ಕೊಡದಲ್ಲಿ ಹೊತ್ತು ಆ ಐದಕ್ಕೆ ಸುರಿದ. ಮರುದಿನವೂ ಸುರಿದ. ನಲವತ್ತು ತುಂಬುವವರೆಗೂ ಇದೇ ಕಳ್ಳಾಟ. "ಹಂಡೆ ಸೋರತೈತೇನು ನೋಡ್ರಿ" ಎಂದು ಬಾಳವ್ವ ದಿನಾ ಹೇಳುವಳು. ಪುಣ್ಯಾತ್ಮ ದಿನಾ ಬಗ್ಗಿ ಹಂಡೆಯ ತಳ ನೋಡುವನು!

ನಲವತ್ತೊಂದನೆಯ ಮುಂಜಾನೆ ತಾಯಿಯವರು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ತಾವೇ ಗುಡ್ಡ ಇಳಿದು ಬಂದರು. ಪಾತಿ ಸಡಿಲ ಮಾಡಿಸಿ ಗೊಬ್ಬರ ಹಾಕಿಸಿದರು. "ಇವತ್ತು ಅರ್ಧ ಹೊಟ್ಟಿ ಅಷ್ಟ. ನಾಲ್ಕು ದಿನ ಬಿಟ್ಟು ತುಂಬಾ ಉಣಸು" ಎಂದರು. ಹಸಿರಾಗಿಯೇ ಇದ್ದ ಬಾವಿ ಬದಿಯ ಸಾಲನ್ನು ಒಮ್ಮೆ ನೋಡಿ ಗುಡ್ಡ ಹತ್ತಿದರು.

ಸಂಕ್ರಾಂತಿ ಕಳೆದು ವಾರವಾಗಿರಬೇಕು. ಆಹಾ, ಆ ತೋಟವನ್ನು ನೋಡಬೇಕಿತ್ತು! ಬೋಳು ಟೊಂಗೆಗಳಲ್ಲಿ ಚಿಗುರಿನ ಜೊತೆಗೇ ಕೆಂಪು ಮೊಗ್ಗು. ಐವತ್ತೈದು ಗಿಡ ಒಟ್ಟಿಗೇ ಹೂವಾಗಿ ನಿಂತಿದ್ದವು. ಜೇನುಹುಳದ ಸದ್ದು ದಾರಿಯವರೆಗೂ ಕೇಳುತ್ತಿತ್ತಂತೆ. ಊರಿಗೆ ಊರೇ ಬಂತು. ಹೆಂಗಸರು ಅವ್ವನವರನ್ನು ಕರೆತಂದು ಆರತಿ ಎತ್ತಿದರು. "ಪವಾಡ! ಪವಾಡ!" ಎಂದರು ಜನ. "ಶಂಕ್ರೆಪ್ಪನ ನಂಬಿಗಿ ದೊಡ್ಡದು" ಎಂದು ಹಿರಿಯರೊಬ್ಬರು ಆತನ ಬೆನ್ನು ತಟ್ಟಿದರು. ಅಷ್ಟರಲ್ಲಿ ಯಾರೋ ಕೇಳಿದರು: "ಹೌದೂ, ಬಾವಿ ಕಡಿ ಐದು ಗಿಡ ಮಾತ್ರ ಯಾಕ ಬರೇ ಎಲಿ?"

ಎಲ್ಲರೂ ಅತ್ತ ತಿರುಗಿದರು. ದಟ್ಟ ಎಲೆ, ಹುಡುಕಿದರೆ ಎರಡು ಮೂರು ಹೂವು. ಶಂಕ್ರೆಪ್ಪ ಬೆವೆತುಹೋದ. ಅವ್ವನವರು ಆತನನ್ನೇ ನೋಡಿದರು. ಬೈದಿದ್ದರೆ ಏನಾದರೊಂದು ಎದುರು ಮಾತಾಡಿ ಪಾರಾಗುತ್ತಿದ್ದನೋ ಏನೋ. ಆ ನೋಟ ಮಾತ್ರ ಆತನನ್ನು ನಿಲ್ಲಗೊಡಲಿಲ್ಲ. ಹೋಗಿ ಪಾದಕ್ಕೆ ಬಿದ್ದು, "ಯವ್ವಾ, ಕದ್ದು ನೀರು ಹಾಕೀನಿ. ನಿನ್ನ ಮ್ಯಾಲ ಭರೋಸಾ ಇರಲಿಲ್ಲ" ಎಂದು ಊರೆಲ್ಲ ಕೇಳುವಂತೆ ಅತ್ತ.

"ಹಾಂ, ಹಂಡೆ ಸೋರಿದ್ದು ಇಲ್ಲೇನು!" ಎಂದಳು ಬಾಳವ್ವ. ಜನ ಗೊಳ್ಳೆಂದು ನಕ್ಕರು. ತಾಯಿಯವರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಏಳಪ್ಪ. ನಿನ್ನ ಕರುಳು ಕೆಟ್ಟದ್ದಲ್ಲ, ಅವಸರದ್ದು" ಎಂದು ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಜನರ ಕಡೆ ತಿರುಗಿ, "ಪವಾಡ ಅನಬ್ಯಾಡ್ರಿ. ನಮ್ಮಪ್ಪ ದಾಳಿಂಬರ ತೋಟದ ಮಾಲಿ ಇದ್ದ. ಅವ ಹೇಳಿಕೊಟ್ಟದ್ದಿದು" ಎಂದವರೇ ಆರತಿಯ ತಟ್ಟೆಯನ್ನು ಗಿಡದ ಬುಡಕ್ಕೆ ಸರಿಸಿ ಗುಡ್ಡದ ದಾರಿ ಹಿಡಿದರು. ಪವಾಡವನ್ನು ಹೆಗಲ ಮೇಲೆ ಹೊತ್ತು ತಿರುಗುವವರನ್ನು ಕಂಡಿದ್ದೇನೆ. ಕೈಗೆ ಬಂದದ್ದನ್ನು ಹೀಗೆ ಅಪ್ಪನ ಹೆಸರಿಗೆ ಬಿಟ್ಟು ಹೋದವರನ್ನು ನಾನಂತೂ ಬೇರೆ ಕಾಣೆ.

ಯುಗಾದಿಯ ಮರುದಿನ, ತಿಂಗಳುಗಟ್ಟಲೆ ಪರಊರಲ್ಲಿದ್ದು ಮರಳಿದ ಮಲಕಪ್ಪ ಹೇಳಿದಂತೆ ಕೊಡಲಿ ಹಿಡಿದೇ ಬಂದ. ಟೊಂಗೆಗಳು ಕಾಯಿಭಾರಕ್ಕೆ ಬಾಗಿದ್ದವು. ಬಾಳವ್ವ ಕವೆಗೋಲು ಆನಿಸುತ್ತಿದ್ದಳು. ಕೊಡಲಿಯನ್ನು ಬದುವಿಗೆ ಒರಗಿಸಿ ಮಲಕಪ್ಪ ಸಾಲು ಸಾಲು ತಿರುಗಿದ, ಕಾಯಿಗಳನ್ನು ಮುಟ್ಟಿ ಮುಟ್ಟಿ ನೋಡಿದ. "ಶಬ್ಬಾಸ್ ತಮ್ಮಾ! ಏನು ಮಾಡಿದಿ ಇದಕ್ಕ?" ಎಂದು ಕೇಳಿದ.

ಹಿಂದಿನ ಶಂಕ್ರೆಪ್ಪನಾಗಿದ್ದರೆ ಮೀಸೆ ತಿರುವಿ ಒಂದು ಪುರಾಣವನ್ನೇ ಊದುತ್ತಿದ್ದ. ಈಗ ಆತ ಗುಡ್ಡದ ಕಡೆ ಕೈ ಮುಗಿದ, ನಕ್ಕ.

"ನಾ ಏನೂ ಮಾಡಲಿಲ್ಲ, ಅಣ್ಣಾ. ಸುಮ್ನ ಕೈಕಟ್ಟಿ ಕುಂದ್ರು ಅಂದಿದ್ರು ಅವ್ವಾರು. ಅದನ್ನೂ ನೆಟ್ಟಗ ಮಾಡಲಿಲ್ಲ."